ಪಿಕ್ಚರ್ ಇದೆ, ಸೌಂಡ್ ಇಲ್ಲ: ಕ್ಯಾಮೆರಾ ಫುಟೇಜ್ ಎಡಿಟಿಂಗ್‌ಗೆ ಹಾಕಿದಾಗ ಕೈಕೊಡುವ ಜಾಗಗಳು

ಮದುವೆ ಸೀಸನ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ನನ್ನ ಫೋನ್ ಬಡಕೊಂಡರೆ ವಿಷಯ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಪಿಕ್ಚರ್ ಬತ್ತೈತೆ, ವಾಯ್ಸೇ ಇಲ್ಲ ಕಣಣ್ಣ." ಒಂದು ದಿನ ಗುಬ್ಬಿಯಿಂದ, ಇನ್ನೊಂದು ದಿನ ಶಿರಾದಿಂದ, ಮತ್ತೊಂದು ದಿನ ಕೊರಟಗೆರೆಯಿಂದ. ತುಮಕೂರಿನಲ್ಲಿ ಕೂತು ಮದುವೆ, ಗೃಹಪ್ರವೇಶ, ರಾತ್ರಿಯಿಡೀ ಆಡುವ ಪೌರಾಣಿಕ ನಾಟಕ ಎಲ್ಲವನ್ನೂ ಎಡಿಟ್ ಮಾಡುತ್ತಾ ಬಂದಿದ್ದೇನೆ. ಸೌಂಡ್ ನಿಜವಾಗಿ ಕಳೆದುಹೋಗಿದ್ದು ನಾನು ಕಂಡದ್ದು ಬಹಳ ಕಡಿಮೆ. ಅದು ಎಲ್ಲೋ ಕೂತಿರುತ್ತದೆ. ಬೇರೆ ಫೋಲ್ಡರ್‌ನಲ್ಲಿ, ಬೇರೆ ಚಾನೆಲ್‌ನಲ್ಲಿ, ಇಲ್ಲಾ ಸಾಫ್ಟ್‌ವೇರ್‌ಗೆ ಓದಲು ಬರದ ಭಾಷೆಯಲ್ಲಿ. ಗಾಬರಿಯಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿದವರ ಸೌಂಡ್ ಮಾತ್ರ ನಿಜವಾಗಿ ಹೋಗಿದೆ.

ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ. ಆದರೆ ಮೊದಲ ಭಾಗ ಎಲ್ಲರಿಗೂ.

ಏನೂ ಮುಟ್ಟುವ ಮುಂಚೆ

ಕಾರ್ಡ್ ಹೊರತೆಗೆಯಿರಿ. ಎಸ್‌ಡಿ ಕಾರ್ಡ್ ಆದರೆ ಪಕ್ಕದ ಲಾಕ್ ಕೆಳಗೆ ಎಳೆಯಿರಿ. ಸೌಂಡ್ ಕೇಳಿ ಖಾತ್ರಿ ಆಗುವವರೆಗೆ ಆ ಕಾರ್ಡ್ ನಾಳೆಯ ಶೂಟಿಂಗ್‌ಗೆ ಹೋಗಬಾರದು. ಇನ್ನೊಂದು ಕಾರ್ಡ್ ಇಲ್ಲ ಅಂದರೆ ಸಾಲ ತನ್ನಿ. ಕಂಪ್ಯೂಟರ್ "ಡಿಸ್ಕ್ ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ. "ಸ್ಕ್ಯಾನ್ ಮಾಡಿ ಸರಿಪಡಿಸಲೇ?" ಅಂದರೂ ಮೊದಲು ಕಾಪಿ, ಆಮೇಲೆ ಉಳಿದದ್ದು.

ಎರಡು ಫ್ರೀ ಸಾಫ್ಟ್‌ವೇರ್ ಇಟ್ಟುಕೊಳ್ಳಿ. ಒಂದು ವಿಎಲ್‌ಸಿ ಪ್ಲೇಯರ್. ಇನ್ನೊಂದು ಮೀಡಿಯಾಇನ್ಫೋ. ವಿಎಲ್‌ಸಿ ಫೈಲ್ ಬಿಡಿಸಿ ಓದುವ ತನ್ನದೇ ಡಿಕೋಡರ್‌ಗಳನ್ನು ಹೊತ್ತುಕೊಂಡು ಬರುತ್ತದೆ, ವಿಂಡೋಸ್‌ನಲ್ಲಿ ಏನಿದೆ ಏನಿಲ್ಲ ಅಂತ ನೋಡುವುದಿಲ್ಲ. ಮೀಡಿಯಾಇನ್ಫೋ ಫೈಲ್‌ನ ಜಾತಕ ತೋರಿಸುತ್ತದೆ: ಯಾವ ಕೋಡೆಕ್ (ಚಿತ್ರ, ಸೌಂಡ್ ಅಡಕಿಸಿದ ವಿಧಾನ), ಎಷ್ಟು ಫ್ರೇಮ್, ಎಷ್ಟು ಆಡಿಯೊ ಟ್ರ್ಯಾಕ್, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸೌಂಡ್ ಅಳೆದಿದೆ) ಎಷ್ಟು. ನನಗೆ ಫೋನ್ ಮಾಡುವ ಹುಡುಗರಿಗೆ ನಾನು ಮೊದಲು ಕೇಳುವುದು ಇದನ್ನೇ. "ವಿಎಲ್‌ಸಿಯಲ್ಲಿ ಕೇಳ್ತಿದೆಯಾ?" ಅರ್ಧ ಜನಕ್ಕೆ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ವಿಎಲ್‌ಸಿಯಲ್ಲಿ ಕೇಳಿಸಿದರೆ ಸೌಂಡ್ ಫೈಲ್‌ನಲ್ಲಿ ಇದೆ, ತೊಂದರೆ ಎಡಿಟಿಂಗ್ ಸಾಫ್ಟ್‌ವೇರ್ ಕಡೆ. ಅಲ್ಲೂ ಕೇಳಿಸದಿದ್ದರೆ ಕಾಪಿ ಮಾಡಿದ ಫೈಲ್ ಬಿಟ್ಟು ಕಾರ್ಡ್‌ನಲ್ಲಿರುವ ಮೂಲ ಫೈಲನ್ನೇ ವಿಎಲ್‌ಸಿಯಲ್ಲಿ ತೆರೆಯಿರಿ. ಮೂಲದಲ್ಲಿ ಕೇಳಿ ಕಾಪಿಯಲ್ಲಿ ಕೇಳದಿದ್ದರೆ ಕಾಪಿ ಕೆಟ್ಟಿದೆ. ಎರಡರ ಸೈಜ್ ಹೋಲಿಸಿ ನೋಡಿ. ಕಾಪಿ ಆಗುವಾಗ ಕರೆಂಟ್ ಹೋಗಿ ಬಂದಿದ್ದರೆ ಹೀಗಾಗುತ್ತದೆ, ಅದೂ ಯುಪಿಎಸ್ ಇಲ್ಲದ ಕಡೆ. ಟೆರಾಕಾಪಿಯಂಥ ಸಾಫ್ಟ್‌ವೇರ್‌ನಲ್ಲಿ ವೆರಿಫೈ ಹಾಕಿ ಕಾಪಿ ಮಾಡಿದರೆ ಸ್ವಲ್ಪ ತಡವಾಗುತ್ತದೆ, ಆದರೆ ನಿದ್ದೆ ಬರುತ್ತದೆ.

ಪಿಕ್ಚರ್ ಇದೆ, ಸೌಂಡ್ ಪೂರ್ತಿ ಇಲ್ಲ

ಟೈಮ್‌ಲೈನ್‌ನಲ್ಲಿ ಆಡಿಯೊ ಪಟ್ಟಿ ಕಾಣುತ್ತಿದೆಯಾ? ಮೊದಲು ಇದನ್ನು ನೋಡಿ.

ಪಟ್ಟಿ ಇದೆ, ವೇವ್‌ಫಾರ್ಮ್ (ಸೌಂಡನ್ನು ತೋರಿಸುವ ಗೆರೆಚಿತ್ರ) ಏರಿಳಿತವೂ ಇದೆ, ಕಿವಿಗೆ ಮಾತ್ರ ಏನೂ ಇಲ್ಲ ಅಂದರೆ ಅದು ಇಂಪೋರ್ಟ್ ತೊಂದರೆಯೇ ಅಲ್ಲ. ಟ್ರ್ಯಾಕ್ ಮ್ಯೂಟ್ ಆಗಿರಬಹುದು, ಇಲ್ಲಾ ಬೇರೊಂದು ಟ್ರ್ಯಾಕ್‌ಗೆ ಸೋಲೋ ಒತ್ತಿರಬಹುದು. ಎಚ್‌ಡಿಎಂಐ ಕೇಬಲ್‌ನಲ್ಲಿ ಮಾನಿಟರ್ ಹಾಕಿದ ದಿನ ಕಂಪ್ಯೂಟರ್ ಸೌಂಡನ್ನು ಸ್ಪೀಕರ್ ಇಲ್ಲದ ಆ ಮಾನಿಟರ್‌ಗೆ ಕಳಿಸುತ್ತಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆದರೆ ಪ್ರಿಫರೆನ್ಸಸ್ ಒಳಗಿನ ಆಡಿಯೊ ಹಾರ್ಡ್‌ವೇರ್‌ನಲ್ಲಿ ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ನೋಡಿ. ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಪಟ್ಟಿ ಇದೆ, ವೇವ್‌ಫಾರ್ಮ್ ಇಲ್ಲ, ಸುಮ್ನೆ ನೇರ ಗೆರೆ. ಈಗಷ್ಟೇ ಇಂಪೋರ್ಟ್ ಮಾಡಿದ್ದರೆ ಸ್ವಲ್ಪ ತಾಳಿ. ಪ್ರೀಮಿಯರ್ ದೊಡ್ಡ ಕ್ಲಿಪ್‌ಗಳ ಆಡಿಯೊವನ್ನು ಹಿಂದೆ ಕೂತು ತನಗೆ ಬೇಕಾದ ರೂಪಕ್ಕೆ ತಂದುಕೊಳ್ಳುತ್ತಿರುತ್ತದೆ. ಕೆಳಗೆ ಬಲಮೂಲೆಯಲ್ಲಿ ಸಣ್ಣ ಪ್ರೋಗ್ರೆಸ್ ಗೆರೆ ಓಡುತ್ತದೆ. ಅದು ಮುಗಿಯುವ ಮುಂಚೆ ಪ್ಲೇ ಮಾಡಿದರೆ ಮೌನ. ಎಷ್ಟು ಹೊತ್ತಾದರೂ ಬರದಿದ್ದರೆ ಪ್ರಾಜೆಕ್ಟ್ ಮುಚ್ಚಿ, ಮೀಡಿಯಾ ಕ್ಯಾಶ್ ಅಳಿಸಿ, ಮತ್ತೆ ತೆರೆಯಿರಿ. ಕ್ಯಾಶ್ ಅಳಿಸಿದರೆ ಫುಟೇಜ್‌ಗೆ ಏನೂ ಆಗುವುದಿಲ್ಲ, ಸಾಫ್ಟ್‌ವೇರ್ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಇದೇ ವೇಳೆ ಸಿ ಡ್ರೈವ್‌ನಲ್ಲಿ ಜಾಗ ಇದೆಯಾ ನೋಡಿ. ಡ್ರೈವ್ ತುಂಬಿದ್ದರೆ ಕ್ಯಾಶ್ ಬರೆಯಲು ಜಾಗವಿಲ್ಲದೆ ವೇವ್‌ಫಾರ್ಮ್ ಅರ್ಧಕ್ಕೇ ನಿಲ್ಲುತ್ತದೆ.

ಆಡಿಯೊ ಪಟ್ಟಿಯೇ ಬಂದಿಲ್ಲ. ಇಲ್ಲಿ ಕಾರಣಗಳು ಜಾಸ್ತಿ, ಸಮಾಧಾನವಾಗಿ ನೋಡಬೇಕು.

ಒಂದು, ಎಳೆದು ಹಾಕುವಾಗ ಟೈಮ್‌ಲೈನ್‌ನ ಎಡಗಡೆ ಆಡಿಯೊ ಪ್ಯಾಚ್ (ಕ್ಲಿಪ್‌ನ ಸೌಂಡನ್ನು ಟ್ರ್ಯಾಕ್‌ಗೆ ಜೋಡಿಸುವ ಗುಂಡಿ) ಆಫ್ ಆಗಿರುತ್ತದೆ. ಕ್ಲಿಪ್ ಮೇಲೆ ಎರಡು ಸಲ ಒತ್ತಿ ಸೋರ್ಸ್ ಕಿಟಕಿಯಲ್ಲಿ ಕೇಳಿ. ಅಲ್ಲಿ ಕೇಳಿದರೆ ಇದೇ ಕಾರಣ.

ಎರಡು, ಆ ಕ್ಲಿಪ್‌ನಲ್ಲಿ ಸೌಂಡ್ ರೆಕಾರ್ಡೇ ಆಗಿಲ್ಲ. ಸೋನಿ ಕ್ಯಾಮೆರಾಗಳ ಎಸ್ ಆ್ಯಂಡ್ ಕ್ಯೂ ಮೋಡ್‌ನಲ್ಲಿ ಸ್ಲೋಮೋಷನ್ ಹೊಡೆದರೆ ಆಡಿಯೊ ದಾಖಲಾಗುವುದಿಲ್ಲ. ಅಕ್ಷತೆ ಬೀಳುವುದನ್ನು ಸ್ಲೋಮೋಷನ್‌ನಲ್ಲಿ ಹಿಡಿದ ಹುಡುಗ ಮೋಡ್ ವಾಪಸ್ ತಿರುಗಿಸಲು ಮರೆತರೆ ಮುಂದಿನ ಸಪ್ತಪದಿಯೂ ಮೂಕಿ ಚಿತ್ರವೇ. ಮೀಡಿಯಾಇನ್ಫೋ ತೆರೆದಾಗ ಆಡಿಯೊ ಅನ್ನುವ ಭಾಗವೇ ಇಲ್ಲದಿದ್ದರೆ ಹುಡುಕುವುದು ಬಿಡಿ. ಇನ್ನೊಂದು ಕ್ಯಾಮೆರಾದ ಸೌಂಡ್ ತಂದು ಕೂರಿಸಿ.

ಮೂರು, ಫೋಲ್ಡರ್ ಒಡೆದು ಕಾಪಿ ಮಾಡಿದ್ದೀರಿ. ಇದೇ ದೊಡ್ಡ ಕಳ್ಳ. ಪ್ರೊಫೆಷನಲ್ ಕ್ಯಾಮೆರಾದಲ್ಲಿ ಕಾರ್ಡ್ ಅಂದರೆ ಒಂದು ಮನೆ ಇದ್ದಂತೆ. ಪ್ಯಾನಾಸೋನಿಕ್ ಪಿ2 ಕಾರ್ಡ್‌ನಲ್ಲಿ ಕಂಟೆಂಟ್ಸ್ ಫೋಲ್ಡರ್ ಒಳಗೆ ವಿಡಿಯೊ ಒಂದು ಕೋಣೆ, ಆಡಿಯೊ ಇನ್ನೊಂದು ಕೋಣೆ. ಎರಡನ್ನೂ ಜೋಡಿಸುವ ಮಾಹಿತಿ ಕ್ಲಿಪ್ ಅನ್ನುವ ಮೂರನೇ ಕೋಣೆಯಲ್ಲಿ. ವಿಡಿಯೊ ಫೋಲ್ಡರ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಸೌಂಡ್ ಬರಲು ದಾರಿಯೇ ಇಲ್ಲ. "ಬರೀ ದೊಡ್ಡ ಫೈಲ್ ತಂದಿದೀನಿ ಸಾರ್, ಉಳಿದಿದ್ದೆಲ್ಲ ಸಣ್ಣಪುಟ್ಟದು" ಅಂತ ಒಬ್ಬ ಹೆಮ್ಮೆಯಿಂದ ಹೇಳಿದ್ದ. ಆ ಸಣ್ಣಪುಟ್ಟದ್ದರಲ್ಲೇ ಮಂತ್ರಘೋಷವೆಲ್ಲ ಇತ್ತು. ಕಾರ್ಡ್‌ನಲ್ಲಿ ಏನೇನಿದೆಯೋ ಅಷ್ಟನ್ನೂ, ಹೆಸರು ಬದಲಿಸದೆ, ಒಂದು ಹೊಸ ಫೋಲ್ಡರ್ ಒಳಗೆ ಹಾಗೇ ಇಳಿಸಿ. ಸಾಫ್ಟ್‌ವೇರ್‌ಗೆ ಫೈಲ್ ಎಳೆದು ಬಿಡುವ ಬದಲು ಪ್ರೀಮಿಯರ್‌ನ ಮೀಡಿಯಾ ಬ್ರೌಸರ್‌ನಿಂದಲೋ ಎಡಿಯಸ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನ ಸೋರ್ಸ್ ಬ್ರೌಸರ್‌ನಿಂದಲೋ ತನ್ನಿ. ಅವಕ್ಕೆ ಈ ಮನೆಯ ನಕ್ಷೆ ಗೊತ್ತು.

ನಾಲ್ಕು, ವಿಎಲ್‌ಸಿಯಲ್ಲಿ ಕೇಳುತ್ತದೆ, ವಿಂಡೋಸ್‌ನ ಸ್ವಂತ ಪ್ಲೇಯರ್‌ನಲ್ಲೂ ಎಡಿಟಿಂಗ್‌ನಲ್ಲೂ ಕೇಳಲ್ಲ, ಫೈಲ್ ಹೆಸರಿನ ಕೊನೆಗೆ ಎಂಟಿಎಸ್ ಅಂತ ಇದೆ. ಮೀಡಿಯಾಇನ್ಫೋದಲ್ಲಿ ಆಡಿಯೊ ಎಸಿ-3 ಅಂತ ಇದೆಯಾ ನೋಡಿ. ಭುಜದ ಮೇಲಿಟ್ಟು ಹೊಡೆಯುವ ಸೋನಿ ಎಂಸಿ 2500ರಂಥ ಎವಿಸಿಎಚ್‌ಡಿ (ಎಂಟಿಎಸ್ ಫೈಲ್ ಬರೆಯುವ ಮಾದರಿ) ಕ್ಯಾಮೆರಾಗಳು ನಮ್ಮ ಕಡೆ ಇನ್ನೂ ಓಡುತ್ತಿವೆ, ಅವುಗಳಲ್ಲಿ ಇದು ಸಾಮಾನ್ಯ. ಎಸಿ-3 ಅಂದರೆ ಡಾಲ್ಬಿಯ ಸೌಂಡ್ ಕೋಡೆಕ್. ಎಡಿಟಿಂಗ್ ಸಾಫ್ಟ್‌ವೇರ್ ಎಷ್ಟೋ ಸಲ ಅದನ್ನು ಬಿಡಿಸಲು ವಿಂಡೋಸ್ ಸಹಾಯ ಕೇಳುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಎಸಿ-3 ಡಿಕೋಡರ್ ಜೊತೆಗೆ ಬರುವುದಿಲ್ಲ. ಹಳೇ ಸಿಸ್ಟಮ್‌ನಲ್ಲಿ ಹತ್ತು ವರ್ಷ ಸರಿಯಾಗಿದ್ದ ಕ್ಯಾಮೆರಾ ಹೊಸ ಕಂಪ್ಯೂಟರ್ ತಂದ ದಿನ ಮೂಗಾಯಿತು ಅಂದರೆ ಮೊದಲು ಇಲ್ಲಿ ನೋಡಿ. ಕ್ಯಾಮೆರಾ ಸರ್ವಿಸ್‌ಗೆ ಕೊಟ್ಟು ದುಡ್ಡು ಕಳೆಯಬೇಡಿ. ಶಟರ್ ಎನ್‌ಕೋಡರ್ ಅನ್ನುವ ಫ್ರೀ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಹಾಗೇ ಬಿಟ್ಟು ಸೌಂಡ್ ಮಾತ್ರ ಪಿಸಿಎಂಗೆ (ಅಡಕಿಸದ ಸೌಂಡ್) ಬದಲಿಸಿ ಎಂಓವಿ ಫೈಲ್ ಮಾಡಿಕೊಳ್ಳಿ. ಚಿತ್ರದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ.

ಐದು, ವಿಎಲ್‌ಸಿಯಲ್ಲೂ ಮೌನ, ಆದರೆ ಮೀಡಿಯಾಇನ್ಫೋ ನಾಲ್ಕು ಆಡಿಯೊ ಟ್ರ್ಯಾಕ್ ತೋರಿಸುತ್ತಿದೆ. ಪ್ರೊಫೆಷನಲ್ ಕ್ಯಾಮೆರಾಗಳ ಎಂಎಕ್ಸ್‌ಎಫ್ ಫೈಲ್‌ಗಳಲ್ಲಿ ಒಂದೊಂದು ಚಾನೆಲ್ ಒಂದೊಂದು ಬೇರೆ ಟ್ರ್ಯಾಕ್ ಆಗಿ ಕೂತಿರುತ್ತದೆ. ವಿಎಲ್‌ಸಿ ಒಮ್ಮೆಗೆ ಒಂದನ್ನು ಮಾತ್ರ ನುಡಿಸುತ್ತದೆ. ಆಡಿಯೊ ಮೆನುವಿನಲ್ಲಿ ಎರಡನೇ, ಮೂರನೇ, ನಾಲ್ಕನೇ ಟ್ರ್ಯಾಕ್ ಆರಿಸಿ ಕೇಳಿ. ಕ್ಯಾಮೆರಾಮನ್ ಮೈಕ್ ಚುಚ್ಚಿದ್ದು ಎರಡನೇ ತೂತಿಗೆ ಆಗಿದ್ದರೆ ಮೊದಲನೆಯದರಲ್ಲಿ ಏನಿರುತ್ತೆ ಹೇಳಿ!

ಸೌಂಡ್ ಇದೆ, ಪಿಕ್ಚರ್ ಇಲ್ಲ

ಇದು ಸುಲಭ. ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ 10 ಬಿಟ್ 4:2:2 (ಬಣ್ಣದ ವಿವರ ಜಾಸ್ತಿ ಇರುವ ಮಾದರಿ) ಹಾಕಿ ಶೂಟ್ ಮಾಡಿರುತ್ತಾರೆ, ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಫ್ರೀ ಆವೃತ್ತಿಗೆ ವಿಂಡೋಸ್‌ನಲ್ಲಿ ಆ ಚಿತ್ರ ಬಿಡಿಸಲು ಬರದೆ ಬರೀ ಆಡಿಯೊ ತೋರಿಸುತ್ತದೆ. ಮೀಡಿಯಾಇನ್ಫೋದಲ್ಲಿ ಬಿಟ್ ಡೆಪ್ತ್ 10, ಕ್ರೋಮಾ 4:2:2 ಅಂತ ಕಂಡರೆ ಸಾಕು. ಎಡಿಟಿಂಗ್‌ಗೆಂದೇ ಇರುವ ಕೋಡೆಕ್‌ಗಳಾದ ಡಿಎನ್‌ಎಕ್ಸ್‌ಎಚ್‌ಆರ್‌ಗೋ ಪ್ರೊರೆಸ್‌ಗೋ ಬದಲಿಸಿಕೊಳ್ಳಿ. ಬದಲಿಸುವಾಗ 10 ಬಿಟ್ ಇರುವ ಮಾದರಿಯನ್ನೇ ಆರಿಸಿ, ಇಲ್ಲವಾದರೆ ಅಷ್ಟು ಶೂಟ್ ಮಾಡಿದ್ದೂ ದಂಡ. ಫೈಲ್ ಬಹಳ ದೊಡ್ಡದಾಗುತ್ತದೆ, ಹಾರ್ಡ್ ಡಿಸ್ಕ್‌ನಲ್ಲಿ ಜಾಗ ನೋಡಿಕೊಂಡು ಶುರುಮಾಡಿ. ತಿಂಗಳಿಗೆ ನಾಲ್ಕೈದು ಇಂಥ ಕೆಲಸ ಬರುವಂತಿದ್ದರೆ ಸಾಫ್ಟ್‌ವೇರ್‌ನ ದುಡ್ಡಿನ ಆವೃತ್ತಿ ಕೊಳ್ಳುವುದೇ ಲಾಭ ಅಂತ ನನ್ನ ಲೆಕ್ಕ.

ಒಂದೇ ಕಿವಿಯಲ್ಲಿ ಕೇಳುತ್ತದೆ, ಇನ್ನೊಂದರಲ್ಲಿ ಕಿರ್ರೋ ಅನ್ನುತ್ತದೆ

ಹೆಡ್‌ಫೋನ್ ಹಾಕಿಕೊಳ್ಳುವ ಮುಂಚೆ ವಾಲ್ಯೂಮ್ ಇಳಿಸಿ. ಇದು ಸುಮ್ನೆ ಹೇಳುವ ಮಾತಲ್ಲ, ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ಒಂದು ಕಿವಿಯಲ್ಲಿ ಮಾತು, ಇನ್ನೊಂದು ಕಿವಿ ಖಾಲಿ ಅಂದರೆ ಒಂದು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡನೆ ಕನೆಕ್ಟರ್) ಮೈಕ್ ಒಂದೇ ಚಾನೆಲ್‌ಗೆ ಹೋಗಿದೆ, ಸಾಫ್ಟ್‌ವೇರ್ ಎರಡನ್ನೂ ಸೇರಿಸಿ ಸ್ಟೀರಿಯೊ ಅಂದುಕೊಂಡಿದೆ. ಏನೂ ಕೆಟ್ಟಿಲ್ಲ. ಪ್ರೀಮಿಯರ್‌ನಲ್ಲಿ ಕ್ಲಿಪ್ ಆರಿಸಿ ಮಾಡಿಫೈ ಒಳಗಿನ ಆಡಿಯೊ ಚಾನೆಲ್ಸ್‌ಗೆ ಹೋಗಿ ಮೋನೊ ಮಾಡಿ. ರಿಸಾಲ್ವ್‌ನಲ್ಲಿ ಕ್ಲಿಪ್ ಆ್ಯಟ್ರಿಬ್ಯೂಟ್ಸ್‌ನ ಆಡಿಯೊ ಪುಟ. ಟೈಮ್‌ಲೈನ್‌ಗೆ ಹಾಕುವ ಮುಂಚೆಯೇ ಇದನ್ನು ಮಾಡಬೇಕು. ಹಾಕಿದ ಮೇಲೆ ಮಾಡಿದರೆ ಪ್ರೀಮಿಯರ್‌ನಲ್ಲಿ ಹಳೇ ತುಣುಕುಗಳು ಹಳೇ ರೀತಿಯಲ್ಲೇ ಉಳಿಯುತ್ತವೆ.

ಒಂದು ಚಾನೆಲ್‌ನಲ್ಲಿ ಮಾತು, ಇನ್ನೊಂದರಲ್ಲಿ ಹಳೇ ಫ್ಯಾಕ್ಸ್ ಮೆಷಿನ್ ಥರ ಒಂದೇ ಸಮ ಕರ್ಕಶ ಸದ್ದು ಬಂದರೆ ಅದು ಕೆಟ್ಟ ಆಡಿಯೊ ಅಲ್ಲ. ಅದು ಟೈಮ್‌ಕೋಡ್. ಕೆಲವು ತಂಡದವರು ಕ್ಯಾಮೆರಾ ಮೇಲೆ ಬೆಂಕಿಪೊಟ್ಟಣದಷ್ಟು ಸಣ್ಣ ಪೆಟ್ಟಿಗೆ ಕಟ್ಟಿ, ಗಡಿಯಾರದ ಲೆಕ್ಕವನ್ನೇ ಸದ್ದಿನ ರೂಪದಲ್ಲಿ ಒಂದು ಚಾನೆಲ್‌ಗೆ ಬರೆಸುತ್ತಾರೆ. ಬೆಂಗಳೂರಿನ ತಂಡ ಶೂಟ್ ಮಾಡಿ ಎಡಿಟಿಂಗ್ ಮಾತ್ರ ಇಲ್ಲಿ ಕೊಟ್ಟಾಗ ನಾನು ಮೊದಲ ಸಲ ಕೇಳಿದ್ದು. ಕೇಬಲ್ ಕೆಟ್ಟಿದೆ ಅಂತ ಆ ಚಾನೆಲ್ ಅಳಿಸಿಬಿಟ್ಟೆ. ಆಮೇಲೆ ನಾಲ್ಕು ಕ್ಯಾಮೆರಾ ಕೈಯಲ್ಲಿ ಕೂರಿಸುತ್ತಾ ಎರಡು ರಾತ್ರಿ ಕಳೆದೆ. ರಿಸಾಲ್ವ್‌ನಲ್ಲಿ ಆ ಸದ್ದನ್ನು ಓದಿಸಿ ಟೈಮ್‌ಕೋಡ್ ತೆಗೆಯುವ ಆಯ್ಕೆ ಕ್ಲಿಪ್ ಮೇಲೆ ಬಲಕ್ಕೆ ಒತ್ತಿದರೆ ಸಿಗುತ್ತದೆ. ಮೊದಲು ಸಿಂಕ್ (ಚಿತ್ರ, ಸೌಂಡ್ ಹೊಂದಿಸುವುದು), ಆಮೇಲೆ ಮ್ಯೂಟ್.

ಹೆಡ್‌ಫೋನ್‌ನಲ್ಲಿ ಸರಿ, ಮೊಬೈಲ್‌ನಲ್ಲಿ ಮಾಯ

ಇದು ಮಾಟ ಮಾಡಿದಂತೆ ಕಾಣುವ ತೊಂದರೆ. ಒಂದು ಹಳ್ಳಿಯಲ್ಲಿ ಪೌರಾಣಿಕ ನಾಟಕ. ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ನೇರ ಲೈನ್ ತಗೊಂಡು ರೆಕಾರ್ಡ್ ಮಾಡಿದ್ದೆವು. ನನ್ನ ರೂಮಿನ ಸ್ಪೀಕರ್‌ನಲ್ಲಿ ಹೆಚ್ಚುಕಡಿಮೆ ಚೆನ್ನಾಗೇ ಇತ್ತು. ಕಳಿಸಿದ ಮಾರನೇ ದಿನ ಬೆಳಿಗ್ಗೆ ಡ್ರಾಮಾ ಮೇಷ್ಟ್ರು ಫೋನ್ ಮಾಡಿದರು. "ಏನಪ್ಪಾ ಇದು, ಮೊಬೈಲ್ನಾಗೆ ಜನ ಶಿಳ್ಳೆ ಹೊಡೆಯೋದು ಕೇಳ್ತದೆ, ನನ್ನ ಪೆಟ್ಟಿಗೇನೂ ಕೇಳಲ್ಲ, ದುರ್ಯೋಧನನ ಮಾತೂ ಕೇಳಲ್ಲ!" ನಾನು ಮತ್ತೆ ಕೇಳಿದೆ. ನನ್ನ ರೂಮಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಚೆನ್ನಾಗೇ ನುಡಿಯುತ್ತಿದೆ. ಮೊಬೈಲ್‌ಗೆ ಹಾಕಿದೆ. ದುರ್ಯೋಧನ ಬಾಯಿ ಆಡಿಸುತ್ತಿದ್ದಾನೆ, ಮೀಸೆ ತಿರುವುತ್ತಿದ್ದಾನೆ, ಸದ್ದಿಲ್ಲ.

ಆಗಿದ್ದು ಇಷ್ಟು. ದೊಡ್ಡ ಮಿಕ್ಸರ್‌ನ ಎಕ್ಸ್‌ಎಲ್‌ಆರ್ ಔಟ್‌ಪುಟ್‌ನಲ್ಲಿ ಒಂದೇ ಸೌಂಡ್ ಎರಡು ತಂತಿಯಲ್ಲಿ ಬರುತ್ತದೆ. ಒಂದು ನೇರ, ಇನ್ನೊಂದು ತಲೆಕೆಳಗು. ಅದನ್ನು ಸಾದಾ ಕೇಬಲ್‌ನಲ್ಲಿ 3.5 ಎಂಎಂ ಸ್ಟೀರಿಯೊ ಜ್ಯಾಕ್‌ಗೆ ಚುಚ್ಚಿದರೆ ನೇರದ್ದು ಎಡ ಚಾನೆಲ್‌ಗೆ, ತಲೆಕೆಳಗಿನದು ಬಲ ಚಾನೆಲ್‌ಗೆ ಹೋಗುತ್ತದೆ. ಎರಡು ಕಿವಿಗೂ ಬೇರೆ ಬೇರೆ ಕೊಟ್ಟಾಗ ಕೇಳುತ್ತದೆ, ಸ್ವಲ್ಪ ಟೊಳ್ಳಾಗಿ, ತಲೆಯ ಹಿಂದಿನಿಂದ ಬಂದಂತೆ. ಒಂದೇ ಸ್ಪೀಕರ್ ಇರುವ ಮೊಬೈಲ್ ಎರಡನ್ನೂ ಕೂಡಿಸುತ್ತದೆ. ಒಂದು ಕೂಡಿಸು, ಒಂದು ಕಳೆ, ಉಳಿದದ್ದು ಸೊನ್ನೆ. ಶಿಳ್ಳೆ ಉಳಿದದ್ದು ಅದು ಕ್ಯಾಮೆರಾ ಮೈಕ್‌ನಿಂದ ಬಂದಿದ್ದಕ್ಕೆ.

ಪರೀಕ್ಷೆ ಸುಲಭ. ಟೈಮ್‌ಲೈನನ್ನು ಮೋನೊ ಮಾಡಿ ಕೇಳಿ. ಸೌಂಡ್ ಸಣ್ಣಗಾದರೆ ಅಥವಾ ಸತ್ತರೆ ಇದೇ. ಒಂದು ಚಾನೆಲ್ ಬಿಸಾಕಿ ಇನ್ನೊಂದನ್ನೇ ಎರಡೂ ಕಡೆ ಹಾಕಿ. ಮುಗಿಯಿತು. ಆವತ್ತಿನಿಂದ ಕಳಿಸುವ ಮುಂಚೆ ಪ್ರತಿ ಕೆಲಸವನ್ನೂ ಒಂದು ಅಗ್ಗದ ಮೊಬೈಲ್‌ನಲ್ಲಿ ಕೇಳುತ್ತೇನೆ.

ಶುರುವಿನಲ್ಲಿ ಸರಿ, ಬರಬರುತ್ತಾ ತುಟಿಗೂ ಮಾತಿಗೂ ತಪ್ಪುತ್ತದೆ

ಬೇರೆ ರೆಕಾರ್ಡರ್‌ನಲ್ಲಿ ಸೌಂಡ್ ಹಿಡಿದಾಗ ಇದು ಬರುತ್ತದೆ. ಇಲ್ಲಿ ಅಂದಾಜು ಬೇಡ, ಅಳೆಯಿರಿ. ಶುರುವಿನಲ್ಲಿ ಸರಿಯಾಗಿ ಕೂರಿಸಿ, ಸರಿಯಾಗಿ ಒಂದು ಗಂಟೆ ಮುಂದೆ ಹೋಗಿ ಎಷ್ಟು ತಪ್ಪಿದೆ ನೋಡಿ. ತಪ್ಪಿದ ಲೆಕ್ಕವೇ ಕಾರಣ ಹೇಳುತ್ತದೆ.

ಗಂಟೆಗೆ ಎರಡು ಮೂರು ಫ್ರೇಮ್ ತಪ್ಪಿದ್ದರೆ ಯಾವುದೂ ಕೆಟ್ಟಿಲ್ಲ. ಕ್ಯಾಮೆರಾದ ಗಡಿಯಾರವೂ ರೆಕಾರ್ಡರ್‌ನ ಗಡಿಯಾರವೂ ಕೂದಲೆಳೆಯಷ್ಟು ಬೇರೆ. ಹತ್ತು ಲಕ್ಷದಲ್ಲಿ 20 ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 72 ಮಿಲಿಸೆಕೆಂಡ್ ಆಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಮದುವೆಯಲ್ಲಿ ಯಾರಿಗೂ ಗೊತ್ತಾಗಲ್ಲ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮುಗಿಯುವ ನಾಟಕದಲ್ಲಿ ಎಂಟು ಗಂಟೆಗೆ ಅರ್ಧ ಸೆಕೆಂಡ್ ದಾಟುತ್ತದೆ, ಕೊನೆಯ ಗದಾಯುದ್ಧದಲ್ಲಿ ಗದೆ ಬಿದ್ದ ಮೇಲೆ ಸದ್ದು. ಇದಕ್ಕೆ ಸ್ಪೀಡ್ ಬದಲಿಸಿ ಸರಿಮಾಡಲು ಹೋಗಬೇಡಿ. ವೇಗದ ಖಾನೆಯಲ್ಲಿ 100.01 ಅಂತ ಕೊಟ್ಟರೂ ಗಂಟೆಗೆ 9 ಫ್ರೇಮ್ ಜರುಗುತ್ತದೆ, ಬೇಕಾದದ್ದಕ್ಕಿಂತ ಜಾಸ್ತಿ. ಒಂದು ಸೀನ್ ಮುಗಿದು ಪರದೆ ಬೀಳುವಾಗ ಆಡಿಯೊ ಕತ್ತರಿಸಿ, ಮುಂದಿನ ಸೀನನ್ನು ಹೊಸದಾಗಿ ಕೂರಿಸಿ. ಯಾರಿಗೂ ಕಾಣಲ್ಲ. ನಾಟಕದವರು ನಮಗೋಸ್ಕರವೇ ಪರದೆ ಇಟ್ಟುಕೊಂಡಂತಿದೆ.

ಗಂಟೆಗೆ 3.6 ಸೆಕೆಂಡ್ ತಪ್ಪಿದ್ದರೆ ಫ್ರೇಮ್ ರೇಟ್ ಗೊಂದಲ. 23.976 ಇರುವುದನ್ನು 24 ಅಂತಲೋ, 29.97 ಇರುವುದನ್ನು 30 ಅಂತಲೋ ಯಾರೋ ಬದಲಿಸಿ ಓದಿಸಿದ್ದಾರೆ. ಕ್ಲಿಪ್‌ನ ಇಂಟರ್‌ಪ್ರೆಟ್ ಫುಟೇಜ್‌ಗೆ ಹೋಗಿ ಫೈಲ್‌ನ ಸ್ವಂತ ಫ್ರೇಮ್ ರೇಟ್‌ಗೆ ವಾಪಸ್ ತನ್ನಿ. ನಮ್ಮ ಕಡೆ ಕರೆಂಟ್ 50 ಹರ್ಟ್ಜ್ ಆದ್ದರಿಂದ ಎಲ್ಲ ಕ್ಯಾಮೆರಾನೂ 25 ಅಥವಾ 50ರಲ್ಲಿ ಇಟ್ಟರೆ ಟ್ಯೂಬ್‌ಲೈಟ್ ಮಿಣುಕೂ ಕಡಿಮೆ, ಈ ತಲೆನೋವೂ ಇಲ್ಲ.

ಗಂಟೆಗೆ ಸುಮಾರು ಐದು ನಿಮಿಷ ತಪ್ಪಿ, ಪುರೋಹಿತರ ದನಿ ಕೀಚಲಾಗಿಯೋ ರಾಕ್ಷಸನಂತೆಯೋ ಕೇಳಿದರೆ 44.1 ಕಿಲೋಹರ್ಟ್ಜ್‌ನಲ್ಲಿ ಹಿಡಿದದ್ದನ್ನು 48 ಅಂತಲೋ, ಅಥವಾ ಉಲ್ಟಾ ಆಗಿಯೋ ಓದಿದೆ. ಫೈಲ್‌ನ ಒಳಗಿನ ಮಾಹಿತಿಯಲ್ಲಿ ಸ್ಯಾಂಪಲ್ ರೇಟ್ ಸರಿಯಾಗಿದ್ದರೆ ಸಾಫ್ಟ್‌ವೇರ್ ತಾನೇ ಸರಿಮಾಡಿಕೊಳ್ಳುತ್ತದೆ. ಮಧ್ಯೆ ಯಾವುದೋ ಕನ್ವರ್ಟರ್ ಹಾಕಿದ್ದರೆ ಅದನ್ನು ಬಿಟ್ಟು ಮೂಲ ಫೈಲನ್ನೇ ತನ್ನಿ. ರೆಕಾರ್ಡರನ್ನು ಮುಂದೆ 48ಕ್ಕೇ ಇಡಿ. 44.1 ಹಾಡಿನ ಸಿಡಿಯ ಲೆಕ್ಕ.

ಒಮ್ಮೆ ಮುಂದೆ, ಒಮ್ಮೆ ಹಿಂದೆ, ಲೆಕ್ಕಕ್ಕೇ ಸಿಗುತ್ತಿಲ್ಲವಾ? ಆ ಕ್ಲಿಪ್ ಮೊಬೈಲ್‌ನದು. ಮೊಬೈಲ್‌ಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟ್ ಏರಿಳಿಸುತ್ತವೆ. ಮೀಡಿಯಾಇನ್ಫೋದಲ್ಲಿ ವೇರಿಯಬಲ್ ಅಂತ ಇರುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಬದಲಿಸಿಕೊಂಡು ಆಮೇಲೆ ತನ್ನಿ.

ಎರಡು ಗಂಟೆ ಸರಿಯಿದ್ದು ಅಲ್ಲಿಂದ ಒಮ್ಮೆಲೇ ಜಿಗಿದರೆ ರೆಕಾರ್ಡರ್ ಅಲ್ಲಿ ಹೊಸ ಫೈಲ್ ಶುರುಮಾಡಿದೆ. 24 ಬಿಟ್, 48 ಕಿಲೋಹರ್ಟ್ಜ್ ಸ್ಟೀರಿಯೊ ವೇವ್ ಫೈಲ್ ಗಂಟೆಗೆ ಸುಮಾರು ಒಂದು ಜಿಬಿ. ಹಲವು ರೆಕಾರ್ಡರ್‌ಗಳು 2 ಜಿಬಿಗೆ ಫೈಲ್ ತುಂಡರಿಸುತ್ತವೆ. ಎರಡನೇ ತುಂಡನ್ನು ಪ್ರತ್ಯೇಕವಾಗಿ ಕೂರಿಸಿ.

ಮೊದಲಿನಿಂದ ಕೊನೆವರೆಗೆ ಒಂದೇ ಅಳತೆಯಲ್ಲಿ ತಪ್ಪಿದೆ

ಕ್ಯಾಮೆರಾ ಎಲ್ಲಿತ್ತು? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 14 ಮೀಟರ್ ದೂರಕ್ಕೆ ಹೆಚ್ಚುಕಡಿಮೆ ಒಂದು ಫ್ರೇಮ್. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ರಂಗಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕ್ಯಾಮೆರಾ ಇಟ್ಟು ಅದರ ಮೈಕ್‌ನಲ್ಲೇ ಸೌಂಡ್ ಹಿಡಿದರೆ ತುಟಿ ಮುಂದೆ, ಮಾತು ಹಿಂದೆ. ಜಾತ್ರೆ ಬಯಲಿನಲ್ಲಿ ಇನ್ನೂ ಜಾಸ್ತಿ. ಆಡಿಯೊವನ್ನು ಚಿತ್ರದಿಂದ ಅನ್‌ಲಿಂಕ್ ಮಾಡಿ ಟೈಮ್‌ಲೈನ್‌ನಲ್ಲಿ ಅಷ್ಟು ಎಡಕ್ಕೆ ಜರುಗಿಸಿದರೆ ಮುಗಿಯಿತು. ಒಂದು ಫ್ರೇಮ್‌ಗಿಂತ ಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಆಟೋ ಸಿಂಕ್ ಒಪ್ಪುತ್ತಿಲ್ಲ, ಇಲ್ಲಾ ಎಲ್ಲೆಲ್ಲೋ ಕೂರಿಸುತ್ತಿದೆ

ವೇವ್‌ಫಾರ್ಮ್ ನೋಡಿ ಸಿಂಕ್ ಮಾಡಲು ಎರಡೂ ಕಡೆ ಒಂದೇ ಸದ್ದು ಇರಬೇಕು. ಕ್ಯಾಮೆರಾ ಮೈಕ್ ಆಫ್ ಮಾಡಿ "ಹೇಗಿದ್ರೂ ರೆಕಾರ್ಡರ್ ಇದೆ" ಅಂದವರಿಗೆ ಅದು ಸಾಧ್ಯವಿಲ್ಲ. ಕೆಟ್ಟದಾಗಿದ್ದರೂ ಸರಿ, ಕ್ಯಾಮೆರಾ ಸೌಂಡ್ ಆನ್ ಇರಬೇಕು.

ನಮ್ಮ ಮದುವೆಗಳಲ್ಲಿ ಇನ್ನೊಂದು ತೊಂದರೆ ಗಟ್ಟಿಮೇಳ. ಮುಹೂರ್ತದ ಹೊತ್ತಿಗೆ ಓಲಗ, ಡೋಲು ಒಟ್ಟಿಗೆ ಎದ್ದಾಗ ಕ್ಯಾಮೆರಾದ ಆಡಿಯೊ ಮೀಟರ್ ಮೇಲಕ್ಕೆ ಅಂಟಿಕೊಂಡುಬಿಡುತ್ತದೆ. ವೇವ್‌ಫಾರ್ಮ್ ಇಟ್ಟಿಗೆಯಂತೆ ಚಚ್ಚೌಕ. ಸಾಫ್ಟ್‌ವೇರ್‌ಗೆ ಹಿಡಿದುಕೊಳ್ಳಲು ಏರಿಳಿತವೇ ಇಲ್ಲ. ಅಂಥ ಕ್ಲಿಪನ್ನು ಅದರ ಹಿಂದಿನ ಅಥವಾ ಮುಂದಿನ ಸದ್ದು ಕಡಿಮೆ ಇರುವ ಜಾಗದಲ್ಲಿ ಕೈಯಿಂದ ಕೂರಿಸಿ. ಡೋಲಿನ ಕೊನೆಯ ಪೆಟ್ಟು ಒಳ್ಳೇ ಗುರುತು. ಕೋಲು ಚರ್ಮಕ್ಕೆ ತಾಗುವ ಫ್ರೇಮ್ ಹುಡುಕಿ, ಅಲ್ಲಿಗೆ ಶಬ್ದದ ಮೊದಲ ಮೊಳೆ ತನ್ನಿ. ಓಲಗದ ಉಸಿರಿಗೆ ಅಂಥ ಚೂಪು ಆರಂಭ ಇರುವುದಿಲ್ಲ, ಅದನ್ನು ನಂಬಬೇಡಿ.

ಟೈಮ್‌ಕೋಡ್ ಮೂಲಕ ಸಿಂಕ್ ಹಾಕಿದಾಗ ಅರಿಶಿನ ಶಾಸ್ತ್ರದ ಚಿತ್ರಕ್ಕೆ ಆರತಕ್ಷತೆಯ ಸೌಂಡ್ ಬಂದು ಕೂತರೆ ಕ್ಯಾಮೆರಾ ರೆಕ್ ರನ್‌ನಲ್ಲಿದೆ. ರೆಕಾರ್ಡ್ ಒತ್ತಿದಾಗ ಮಾತ್ರ ಅದರ ಲೆಕ್ಕ ಓಡಿದೆ. ಆವತ್ತಿನ ಮಟ್ಟಿಗೆ ವೇವ್‌ಫಾರ್ಮ್ ಆರಿಸಿ. ಮುಂದಿನ ಸಲ ಫ್ರೀ ರನ್ (ಲೆಕ್ಕ ನಿಲ್ಲದೆ ಓಡುವ ಮೋಡ್) ಹಾಕಿ ಎಲ್ಲವನ್ನೂ ಬೆಳಿಗ್ಗೆಯೇ ಒಂದೇ ಸಮಯಕ್ಕೆ ಹೊಂದಿಸಿ.

ಮಧ್ಯೆ ಮಧ್ಯೆ ಟಕ್ ಅಂತ ಕ್ಷಣ ಮೌನ

ಉದ್ದ ಕ್ಲಿಪ್‌ಗಳನ್ನು ಎವಿಸಿಎಚ್‌ಡಿ ಕ್ಯಾಮೆರಾ 2 ಅಥವಾ 4 ಜಿಬಿ ತುಂಡು ಮಾಡುತ್ತದೆ. ತುಂಡುಗಳನ್ನು ಒಂದೊಂದಾಗಿ ಎಳೆದು ಪಕ್ಕಪಕ್ಕ ಇಟ್ಟರೆ ಬೆಸುಗೆಯಲ್ಲಿ ಸೌಂಡ್ ಕತ್ತರಿಸುತ್ತದೆ. ಕಾರ್ಡ್‌ನಲ್ಲಿರುವ ಪ್ರೈವೇಟ್ ಫೋಲ್ಡರ್ ಪೂರ್ತಿ ಇಟ್ಟುಕೊಂಡು ಮೀಡಿಯಾ ಬ್ರೌಸರ್‌ನಿಂದ ತಂದರೆ ಅವೆಲ್ಲ ಒಂದೇ ಕ್ಲಿಪ್ ಆಗಿ ಬರುತ್ತವೆ.

ಗುಂಯ್ ಅನ್ನುವ ಹಿನ್ನೆಲೆ ಸದ್ದು

ಇದು ಇಂಪೋರ್ಟ್ ತಪ್ಪಲ್ಲ, ಆದರೂ ಬೈಗುಳ ಸಾಫ್ಟ್‌ವೇರ್‌ಗೇ ಬೀಳುತ್ತದೆ. 50 ಹರ್ಟ್ಜ್ ಕರೆಂಟ್‌ನ ಸದ್ದು ಕೇಬಲ್ ಹತ್ತಿ ಬಂದಿದೆ. ಡಿಹಮ್ಮರ್ ಥರದ ಎಫೆಕ್ಟ್‌ನಲ್ಲಿ 50 ಆರಿಸಿದರೆ ಬಹಳಷ್ಟು ಇಳಿಯುತ್ತದೆ. 60 ಅಂತ ಇದ್ದರೆ ಬದಲಿಸಿ.

ಶೂಟಿಂಗ್ ಜಾಗದಲ್ಲೇ ಈ ಸದ್ದು ಕೇಳಿದರೆ ಕೆಲವರು ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಜೀವವೂ ನಿಲ್ಲಬಹುದು. ದಯವಿಟ್ಟು ಮಾಡಬೇಡಿ. ಜನರೇಟರ್ ಮೇಲೆ ಓಡುವ ಪೆಂಡಾಲ್‌ನಲ್ಲಿ ಮಿಕ್ಸರ್ ಮುಟ್ಟಿದಾಗ ಜುಮ್ ಅಂದರೆ ನಿಮ್ಮ ಕೇಬಲ್ ಚುಚ್ಚಬೇಡಿ, ಮೈಕ್‌ಸೆಟ್‌ನವರಿಗೆ ಹೇಳಿ ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ನೋಡಲಿ. ಹಮ್ ತಪ್ಪಿಸಲು ಸರಿಯಾದ ದಾರಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ಅಂದರೆ ಮಿಕ್ಸರ್‌ಗೂ ರೆಕಾರ್ಡರ್‌ಗೂ ನಡುವೆ ಹಾಕುವ ಸಣ್ಣ ಪೆಟ್ಟಿಗೆ. ಅದೂ ಇಲ್ಲದಿದ್ದರೆ ರೆಕಾರ್ಡರನ್ನು ಬ್ಯಾಟರಿಯಲ್ಲಿ ಓಡಿಸಿ.

ಫೈಲೇ ತೆರೆಯುತ್ತಿಲ್ಲ

ರೆಕಾರ್ಡ್ ಆಗುವಾಗಲೇ ಬ್ಯಾಟರಿ ಕಿತ್ತುಹೋಗಿದ್ದರೆ ಕ್ಯಾಮೆರಾಗೆ ಫೈಲ್ ಮುಗಿಸಿ ಸಹಿ ಹಾಕಲು ಸಮಯ ಸಿಕ್ಕಿರುವುದಿಲ್ಲ. ಸೈಜ್ ದೊಡ್ಡದಿದ್ದರೂ ಯಾವ ಪ್ಲೇಯರೂ ತೆರೆಯಲ್ಲ. ಕಾರ್ಡ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿಟ್ಟುಕೊಂಡು, ಲಾಕ್ ತೆಗೆದು, ತುಂಬಿದ ಬ್ಯಾಟರಿ ಹಾಕಿ, ಕಾರ್ಡನ್ನು ಅದೇ ಕ್ಯಾಮೆರಾಗೆ ಹಾಕಿ. ರಿಪೇರಿ ಮಾಡಲೇ ಅಂತ ಕೇಳಿದರೆ ಹೂಂ ಅನ್ನಿ. ಎಷ್ಟೋ ಸಲ ಅಲ್ಲೇ ಸರಿಹೋಗುತ್ತದೆ.

ಫಾರ್ಮ್ಯಾಟ್ ಆಗಿದ್ದರೆ ಅಥವಾ ಅಳಿಸಿದ್ದರೆ ಮಾತ್ರ ಕ್ಯಾಮೆರಾಗೆ ಹಾಕಲೇಬೇಡಿ. ಅದರ ಮೇಲೆ ಹೊಸದು ಬರೆಯದಿದ್ದರೆ ಹಳೆಯದು ಇನ್ನೂ ಇರುವ ಸಾಧ್ಯತೆ ಇದೆ. ನಿಮ್ಮದೇ ಟೆಸ್ಟ್ ಶೂಟ್ ಆದರೆ ಫೋಟೊರೆಕ್‌ನಂಥ ಫ್ರೀ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೆ ಇಳಿಸಿ. ಇನ್ನೊಬ್ಬರ ಮದುವೆ ಆದರೆ ಪ್ರಯೋಗ ಬೇಡ. ಕಾರ್ಡ್ ಮುಟ್ಟಿದರೆ ಸುಡುವಷ್ಟು ಬಿಸಿ, ಅಥವಾ ಚುಚ್ಚಿದಾಗ ಕಂಪ್ಯೂಟರ್ ಕಾಣುತ್ತೆ, ಮಾಯವಾಗುತ್ತೆ ಅನ್ನುವಂತಿದ್ದರೂ ಅಷ್ಟೇ, ತಕ್ಷಣ ತೆಗೆದಿಡಿ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್, ಡೇಟಾ ರಿಕವರಿ ಮಾಡುವವರು ಅಲ್ಲಿದ್ದಾರೆ. ಒಪ್ಪಿಕೊಳ್ಳುವ ಮುಂಚೆ ಖರ್ಚು ಕೇಳಿ, ಮದುವೆ ಮನೆಯವರಿಗೂ ವಿಷಯ ಹೇಳಿ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ಹೋಗುವಾಗ ಕಾರ್ಡ್ ಜೊತೆ ಕ್ಯಾಮೆರಾ ಮಾಡೆಲ್ ಬರೆದುಕೊಂಡು ಹೋಗಿ. ಇದುವರೆಗೆ ಏನೇನು ಮಾಡಿದಿರಿ ಅಂತ ನಾಚಿಕೆ ಬಿಟ್ಟು ಒಂದು ಚೀಟಿಯಲ್ಲಿ ಬರೆಯಿರಿ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಬೇರೆ ಕಾರ್ಡ್‌ನಲ್ಲಿ ಹೊಡೆದ ಒಂದು ಒಳ್ಳೇ ಕ್ಲಿಪ್ಪೂ ಪೆನ್‌ಡ್ರೈವ್‌ನಲ್ಲಿರಲಿ. ಮುರಿದ ಫೈಲನ್ನು ಅದನ್ನು ನೋಡಿಕೊಂಡೇ ಕಟ್ಟುತ್ತಾರೆ. ಅದಿಲ್ಲದೆ ಹೋದರೆ "ಒಂದು ಸ್ಯಾಂಪಲ್ ಕಳಿಸಿ ಸಾರ್" ಅಂತ ಅವರು ಫೋನ್ ಮಾಡುವ ಹೊತ್ತಿಗೆ ನೀವು ನೆಲಮಂಗಲ ದಾಟಿರುತ್ತೀರಿ.